ಮೂವತ್ತೆರಡು ಸವತಿಯರು

"ನನ್ನನ್ನ ಕಾಪಾಡಿ ಅಂತ ಕೇಳೋಕೆ ನಾನು ಬಂದಿಲ್ಲ," ಎಂದಳು ಕುಂಡದಜ್ಜಿ, ತೋರಿಸಿದ ಕುರ್ಚಿಯಲ್ಲಿ ಕೂರದೆ. "ಅವರು ಹೇಳ್ತಿರೋದು ಸುಳ್ಳು ಅಂತ ತೋರಿಸಿಕೊಡಿ, ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಶನಿವಾರ ಬೆಳಿಗ್ಗೆ ಎಂಟೂ ಆಗಿರಲಿಲ್ಲ. ನನ್ನ ಅತ್ತಿಗೆ ಮೇಜಿನ ಮೇಲೆ ಸಾಸಿವೆ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಕೂತು ಒಳ್ಳೆಯ ಬೀಜದಿಂದ ಕಳೆಬೀಜ ಬೇರ್ಪಡಿಸಿದವರು ಅವರು. ನಿವೃತ್ತಿಯಾದ ಮೇಲೆ ಅದೇ ಕೆಲಸವನ್ನು ಮನುಷ್ಯರ ಮೇಲೆ ಮುಂದುವರಿಸಿದ್ದಾರೆ. ಊರಿನಲ್ಲಿ ಇರಬೇಕಾದ್ದು ಕಾಣೆಯಾದರೆ, ಇಲ್ಲವೇ ಇರಬಾರದ್ದು ಕಾಣಿಸಿಕೊಂಡರೆ, ಜನ ಪೊಲೀಸ್ ಠಾಣೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆಗೊಮ್ಮೆ ಬಂದು ಹೋಗುತ್ತಾರೆ. ಅಣ್ಣ ತೀರಿಕೊಂಡ ಮೇಲೂ ಅದೇ ಮನೆಯ ಹಿಂದಿನ ಕೋಣೆಯಲ್ಲಿ ಉಳಿದುಕೊಂಡಿರುವ ನಾನು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವನು. ತಪ್ಪು ಹಿಡಿಯುವುದು ನನಗೂ ಗೊತ್ತು. ಆದರೆ ನನ್ನ ಕಣ್ಣಿಗೆ ಬೀಳುವುದು ಇರುವ ತಪ್ಪು ಮಾತ್ರ.

"ಕೂತ್ಕೊಳ್ಳಿ ಅಜ್ಜಿ," ಎಂದರು ಅತ್ತಿಗೆ. "ನಿಂತ್ಕೊಂಡು ಸಿಟ್ಟು ಮಾಡಿದ್ರೆ ಮಂಡಿ ಹಿಡ್ಕೊಳ್ಳುತ್ತೆ. ಕೂತು ಮಾಡಿ."

ಅಜ್ಜಿ ಕೂತಳು. ಸಿಟ್ಟು ಕೂರಲಿಲ್ಲ.

ಸಂಗತಿ ಊರಿಗೆಲ್ಲ ಗೊತ್ತಿದ್ದದ್ದೇ. ನೀರ ಮೇಲೆ ತೇಲುವ, ಉಬ್ಬಿದ ತೊಟ್ಟಿನ, ನೇರಳೆ ಹೂವಿನ ಆ ಗಿಡಕ್ಕೆ ಪುಸ್ತಕದಲ್ಲಿ ಬೇರೆ ಹೆಸರಿದೆ. ಕಳೆ ಕೀಳುವ ಹೆಂಗಸರು ಅದನ್ನು ಕರೆಯುವುದು ಸವತಿ ಎಂದು. ಚೆಂದವಾಗಿ ಬಂತು, ಒಂದು ಮೂಲೆ ಕೊಟ್ಟರೆ ಸಾಕು ಎಂದಿತು, ಹದಿನೈದು ದಿನಕ್ಕೊಮ್ಮೆ ಇಮ್ಮಡಿಯಾಗಿ ಕೊನೆಗೆ ಇಡೀ ಮನೆಯೇ ತನ್ನದೆಂದಿತು. ಒಂದು ಕಾಲಕ್ಕೆ ನಮ್ಮ ಕೆರೆಯಲ್ಲಿ ನೀರಿದೆ ಎಂಬುದನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಿತ್ತು. ಕಾಣುತ್ತಿದ್ದದ್ದು ಹಸಿರು ಹಾಸಿಗೆ. ದೋಣಿ ನಿಂತವು, ಮೀನು ಸತ್ತವು. ಆಮೇಲೆ ಕಳೆ ನಿಯಂತ್ರಣ ಕಚೇರಿ ಬಂತು. ನಾಲ್ಕು ವರ್ಷ ಕಿತ್ತರು, ಹುಳ ಬಿಟ್ಟು ತಿನ್ನಿಸಿದರು, ಮತ್ತೆ ಕಿತ್ತರು. ಕಳೆದ ಮೂರು ವರ್ಷ ಒಂದೇ ಒಂದು ಗಿಡ ಕಂಡಿರಲಿಲ್ಲ. ಇನ್ನು ಎರಡು ವಾರ ಕಳೆದಿದ್ದರೆ ಕೆರೆಗೆ 'ಕಳೆಮುಕ್ತ' ಎಂಬ ಪ್ರಮಾಣಪತ್ರ ಸಿಗುತ್ತಿತ್ತು.

ಗುರುವಾರ ಕೆರೆಯ ದಕ್ಷಿಣದ ಮೂಲೆಯಲ್ಲಿ ಮೂವತ್ತೆರಡು ಗಿಡ ತೇಲುತ್ತಿದ್ದವು. ಆ ಮೂಲೆಗೆ ಬಂದು ಬೀಳುವ ಚರಂಡಿ ಕುಂಡದಜ್ಜಿಯ ಸಸ್ಯತೋಟದ್ದು.

"ನಿನ್ನೆ ಠಸ್ಸೆ ಸಾಹೇಬ್ರು ಗೇಟಿಗೆ ನೋಟಿಸ್ ಅಂಟಿಸಿದ್ರು," ಎಂದಳು ಅಜ್ಜಿ. ಕಳೆ ನಿಯಂತ್ರಣದ ಅಧಿಕಾರಿಗೆ ಊರಿಟ್ಟ ಹೆಸರು ಅದು. ಅವರು ಠಸ್ಸೆ ಒತ್ತದೆ ನೆಗಡಿ ಔಷಧವನ್ನೂ ಕುಡಿಯುವುದಿಲ್ಲವಂತೆ. "ಸೋಮವಾರ ಹನ್ನೊಂದು ಗಂಟೆಗೆ ನನ್ನ ತೋಟ ಸುಡ್ತಾರೆ. ನೀರಿನ ಗಿಡ ಮಾತ್ರ ಅಲ್ಲ, ಎಲ್ಲಾ. ಎರಡು ಸಾವಿರದ ಮುನ್ನೂರು ಕುಂಡ. ನಲವತ್ತು ವರ್ಷದ ತಾಯಿಗಿಡಗಳಿವೆ, ಇನ್ನೊಂದು ಕಡೆ ಹುಡುಕಿದ್ರೂ ಸಿಗಲ್ಲ. 'ಅರಿಯದೆ ಜಾರಿಹೋಯ್ತು, ತಪ್ಪಾಯ್ತು' ಅಂತ ಬರ್ಕೊಟ್ರೆ ನೀರಿನ ತೊಟ್ಟಿ ಮಾತ್ರ ಸುಟ್ಟು ಬಿಡ್ತಾರಂತೆ."

"ಬರ್ಕೊಡ್ತೀರಾ?"

"ಕೈ ಬಿದ್ದುಹೋಗ್ಲಿ. ಮೂವತ್ತು ವರ್ಷದ ಹಿಂದೆ ಆ ಮಾರಿನ ಈ ಊರಿಗೆ ತಂದು ಮಾರಿದವಳು ನಾನೇ. ಹೂ ಚೆಂದ ಅಂತ. ಗೊತ್ತಾದ ದಿನ ನನ್ನ ಕೈಯಾರೆ ನನ್ನ ತೊಟ್ಟಿ ಒಣಗಿಸಿ ಬೆಂಕಿ ಇಟ್ಟೆ, ಮಾರಿದವರ ಮನೆ ಮನೆಗೆ ಹೋಗಿ ಕಾಲು ಹಿಡಿದು ವಾಪಸ್ ತಂದೆ. ಅದಕ್ಕೆ ಅವತ್ತೇ ತಲೆ ತಗ್ಗಿಸಿದ್ದೀನಿ. ಇದಕ್ಕೆ ತಗ್ಗಿಸಲ್ಲ. ಹಳೇ ತಪ್ಪು ಒಪ್ಕೊಂಡವಳು ಅಂತ ಹೊಸದನ್ನೂ ತಲೆಗೆ ಕಟ್ಟಿದ್ರೆ, ನಾಳೆಯಿಂದ ಯಾವನು ಒಪ್ಕೋತಾನೆ?"

ಅತ್ತಿಗೆ ಸಾಸಿವೆಯನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕಿದರು. ಅವರು ಕೆಲಸ ಒಪ್ಪಿಕೊಳ್ಳುವ ರೀತಿ ಅದು.

ಕಳೆ ನಿಯಂತ್ರಣ ಕಚೇರಿ ಕೆರೆಯ ಉತ್ತರ ದಂಡೆಯಲ್ಲಿದೆ. ಬಾಗಿಲಲ್ಲೇ ಒಂದು ತಟ್ಟೆ, ಒಂದು ಗಟ್ಟಿ ಕುಂಚ. ಒಳಗೆ ಹೋಗುವವರು, ಹೊರಗೆ ಬರುವವರು ಬೂಟಿನ ಅಡಿ ಉಜ್ಜಿಕೊಳ್ಳಬೇಕು. ನನ್ನ ಚಪ್ಪಲಿಯನ್ನೂ ಬಿಡಲಿಲ್ಲ.

"ಸಾಕ್ಷಿ ಇದೆ, ಚರಂಡಿ ಇದೆ, ಹಿಂದಿನ ಚರಿತ್ರೆ ಇದೆ," ಎಂದು ಠಸ್ಸೆ ಸಾಹೇಬರು ಮೂರು ಬೆರಳು ಎತ್ತಿದರು. "ಇನ್ನೇನು ಬೇಕು ನಿಮಗೆ? ಇನ್ನು ಎರಡು ವಾರ ಅಮ್ಮಾ! ಎರಡೇ ವಾರ! ಪ್ರಮಾಣಪತ್ರಕ್ಕೆ ಗಾಜಿನ ಚೌಕಟ್ಟು ಕೂಡ ಮಾಡಿಸಿಟ್ಟಿದ್ದೆ."

"ಚರಂಡಿಗೆ ಜಾಲರಿ ಇದೆಯಲ್ಲ?"

"ಎತ್ತಿರ್ತಾಳೆ."

"ಸಾಕ್ಷಿ ನೋಡಬಹುದಾ?"

ಸಾಕ್ಷಿ ಹಿಂದಿನ ಕೊಠಡಿಯಲ್ಲಿ, ಬೀಗ ಹಾಕಿ ಅರಗಿನ ಮುದ್ರೆ ಒತ್ತಿದ ತಗಡಿನ ತೊಟ್ಟಿಯಲ್ಲಿತ್ತು. ಗುರುವಾರ ಸಂಜೆ ಮುಚ್ಚಿದ್ದನ್ನು ಆಮೇಲೆ ಯಾರೂ ತೆರೆದಿಲ್ಲ ಎಂದು ಸಾಹೇಬರು ಹೆಮ್ಮೆಯಿಂದ ಹೇಳಿದರು. ಅತ್ತಿಗೆ ಗವಸು ತೊಟ್ಟು ಮೂವತ್ತೆರಡನ್ನೂ ಒಂದೊಂದಾಗಿ ಎತ್ತಿ ಭೂತಗನ್ನಡಿಯಲ್ಲಿ ನೋಡಿದರು. ನಾನೂ ಇಣುಕಿದೆ. ಅಂಗೈಯಷ್ಟು ಅಗಲದ ಎಲೆಗಳು. ಅವುಗಳ ಮೇಲೆ ಉಗುರಿನಿಂದ ಕೆರೆದಂತೆ ಸಣ್ಣ ಸಣ್ಣ ಕಂದು ಗಾಯಗಳು. ಕಿತ್ತಾಗ ಕುಂಟೆ ತಾಗಿರಬೇಕು ಎಂದುಕೊಂಡೆ. ಹನ್ನೊಂದು ಗಿಡಗಳ ನಡುವೆ ಹೂವಿನ ದಂಟಿನ ಮೋಟು ಮಾತ್ರ ಇತ್ತು. ಓರೆಯಾಗಿ, ಒಂದೇ ಪೆಟ್ಟಿಗೆ ಕತ್ತರಿಸಿದ ಮೋಟು.

"ಹೂ ಎಲ್ಲಿ?" ಎಂದರು ಅತ್ತಿಗೆ.

"ಅದು ನಮ್ಮ ನಿಯಮ. ಗಿಡ ಮುಟ್ಟೋ ಮುಂಚೆ ಹೂ ಕತ್ತರಿಸಿ ಚೀಲಕ್ಕೆ ಹಾಕ್ಬೇಕು. ಇಲ್ದಿದ್ರೆ ಎಳೆಯೋವಾಗ ಬೀಜ ಉದುರುತ್ತೆ. ನಮ್ಮ ಹೆಂಗಸರ ಕೈ ನಿದ್ದೇಲೂ ಅದನ್ನೇ ಮಾಡುತ್ತೆ."

"ಹಾಗಾದ್ರೆ ಹನ್ನೊಂದು ಹೂ ಇರೋ ಚೀಲ?"

ಸಾಹೇಬರು ಅತ್ತಿತ್ತ ನೋಡಿದರು. ಗೋಡೆಯ ಮೊಳೆಗೆ ಗುರುವಾರದ ತಾರೀಖು ಬರೆದ ಹೂಚೀಲ ನೇತಾಡುತ್ತಿತ್ತು. ಖಾಲಿ.

"ಮೇಸ್ತ್ರಿ ಸುಟ್ಟಿರ್ತಾನೆ ಬಿಡಿ," ಎಂದರು ಸಾಹೇಬರು.

ಅತ್ತಿಗೆ ಕೆಲಸದ ಪುಸ್ತಕ ಕೇಳಿ ನನ್ನ ಕೈಗಿಟ್ಟರು. ಅಕ್ಷರ ಕಂಡರೆ ನನ್ನ ಕೈ ತಾನಾಗಿ ಚಾಚುತ್ತದೆ. ಏಳು ವರ್ಷದ ಪುಸ್ತಕ. ಪ್ರತಿ ದಿನಕ್ಕೂ ಒಂದೇ ಕೈಬರಹ, ಕಳೆ ಕೀಳಿಸುವ ಮೇಸ್ತ್ರಿಯದು, ದುಂಡಗೆ. ಜಾಗ, ಮೊದಲ ಸುತ್ತು, ಎರಡನೇ ಸುತ್ತು, ಹೂ. ಏನೂ ಸಿಗದ ದಿನವೂ ಸೊನ್ನೆ, ಸೊನ್ನೆ, ಸೊನ್ನೆ. ಗುರುವಾರದ ಸಾಲು ಹೀಗಿತ್ತು: ದಕ್ಷಿಣ ಮೂಲೆ. ಮೊದಲ ಸುತ್ತು ಮೂವತ್ತೆರಡು. ಹೂ ಸೊನ್ನೆ. ನಡುವಿನ ಒಂದು ಮನೆ ತುಂಬಿರಲಿಲ್ಲ. ಗಾಬರಿಯಲ್ಲಿ ಬಿಟ್ಟಿದ್ದಾನೆ ಎಂದು ಮನಸ್ಸಿನಲ್ಲೇ ಅಂಚಿಗೊಂದು ಗುರುತು ಹಾಕಿ, ಸಾಲನ್ನು ಗಟ್ಟಿಯಾಗಿ ಓದಿ ಹೇಳಿ, ಪುಸ್ತಕ ಮುಚ್ಚಿದೆ.

ಪಕ್ಕದ ಗಾಜಿನ ಮನೆಯಲ್ಲಿ, ಸೊಳ್ಳೆಪರದೆಯಂಥ ಬಲೆಯೊಳಗೆ, ಉದ್ದನೆಯ ನೀರಿನ ತೊಟ್ಟಿಯಿತ್ತು. ಅದರ ತುಂಬ ಸವತಿ, ಹೂ ಬಿಟ್ಟು ನಿಂತಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಹೆದರಬೇಡಿ, ಕಚ್ಚಲ್ಲ," ಎಂದಳು ಹುಳದಕ್ಕ. ಸವತಿಯನ್ನು ತಿನ್ನುವ ಮೂತಿಹುಳಗಳನ್ನು ಸಾಕುವವಳು. ಬೆರಳ ತುದಿಯಲ್ಲಿ ಒಂದು ಬೂದು ಬಣ್ಣದ ಹುಳ ಕೂರಿಸಿಕೊಂಡಿದ್ದಳು, ಉಂಗುರದಂತೆ. "ಇವಕ್ಕೆ ಇದೊಂದು ಬಿಟ್ರೆ ಬೇರೆ ಊಟ ಇಲ್ಲ. ಕೆರೆಯಲ್ಲಿ ಸವತಿ ಮುಗಿದ ಮೇಲೆ ಅಲ್ಲಿದ್ದ ನನ್ನ ಹುಳ ಎಲ್ಲಾ ಉಪವಾಸ ಸತ್ತವು. ಮೂರು ವರ್ಷದಿಂದ ಈ ತೊಟ್ಟೀಲಿರೋವೇ ಈ ಸೀಮೆಯಲ್ಲಿ ಉಳಿದಿರೋದು."

"ಹೂ ಕತ್ತರಿಸಲ್ವಾ?"

"ಬಲೆ ಒಳಗಿರೋದಕ್ಕೆ ಯಾಕೆ? ನೋಡೋಕೆ ಚೆಂದ ಅಲ್ವಾ?" ಎಂದು ನಕ್ಕು, ದನಿ ತಗ್ಗಿಸಿದಳು. "ಪ್ರಮಾಣಪತ್ರ ಬಂದ ದಿನ ಇದನ್ನೆಲ್ಲಾ ಕುದಿಯೋ ನೀರಿಗೆ ಹಾಕ್ಬೇಕಂತೆ. ಹುಳ ಸಮೇತ. ಕೆಲಸ ಮುಗಿದ ಮೇಲೆ ಕೆಲಸದವರು ಯಾಕೆ, ಅಂತ. ನೀವೇ ಹೇಳಿ, ನ್ಯಾಯನಾ?"

"ಹುಳ ಎಣಿಸ್ತೀರಾ?"

"ಪ್ರತಿ ಸೋಮವಾರ. ಮೊನ್ನೆ ಸೋಮವಾರ ಐವತ್ತೆಂಟು ಕಮ್ಮಿ ಬಂತು. ಏನೋ ರೋಗ ತಗುಲ್ತು ಅಂತ ಮೂರು ದಿನ ಊಟ ಸೇರ್ಲಿಲ್ಲ ನನಗೆ."

"ಗಿಡ?"

"ಅದನ್ನ ಯಾರು ಎಣಿಸ್ತಾರೆ? ಇವತ್ತು ಕಿತ್ತೆಸೆದ್ರೆ ನಾಳಿದ್ದಿಗೆ ಅಷ್ಟೇ ಇರುತ್ತೆ."

ಗಾಜಿನ ಮನೆಗೆ ಮೂರು ಬೀಗದ ಕೈಗಳಿದ್ದವು. ಒಂದು ಹುಳದಕ್ಕನ ಕೊರಳಲ್ಲಿ, ಒಂದು ಸಾಹೇಬರ ಮೇಜಿನಲ್ಲಿ, ಒಂದು ಮೇಸ್ತ್ರಿಯ ಸೊಂಟದಲ್ಲಿ.

ಮೇಸ್ತ್ರಿ ನಮ್ಮನ್ನು ದೋಣಿಯಲ್ಲಿ ದಕ್ಷಿಣದ ಮೂಲೆಗೆ ಕರೆದೊಯ್ದ. ಐವತ್ತೈದು ದಾಟಿದ ಮನುಷ್ಯ. ಹುಟ್ಟು ಹಾಕುವಾಗಲೂ ಕಣ್ಣು ನೀರಿನ ಅಂಚನ್ನೇ ಕೂಡುತ್ತ, ಕಳೆಯುತ್ತ ಹೋಗುತ್ತಿತ್ತು.

"ನೀರು ತುಂಬಾ ಇಳಿದಿದೆಯಲ್ಲ," ಎಂದರು ಅತ್ತಿಗೆ. ದಂಡೆಯ ಉದ್ದಕ್ಕೂ ಜೊಂಡಿನ ನಡುವೆ ಕಪ್ಪು ಕೆಸರು ಬಿಸಿಲಿಗೆ ಮೈ ತೆರೆದು ಬಿದ್ದಿತ್ತು.

"ಏಳು ವರ್ಷದಲ್ಲಿ ಇದೇ ಮೊದಲು. ಎರಡು ತಿಂಗಳಾಯ್ತು ಇಲ್ಲಿ ಕೆಸರು ಕಂಡು." ಅವನು ಹುಟ್ಟು ನಿಲ್ಲಿಸಿದ. "ಗಿಡ ಕೀಳಬಹುದಮ್ಮಾ, ಬೀಜ ಕೀಳೋಕಾಗಲ್ಲ. ಈ ಕೆಸರಲ್ಲಿ ಹದಿನೈದು, ಇಪ್ಪತ್ತು ವರ್ಷ ಮಲಗಿರುತ್ತೆ. ಬಿಸಿಲು ಬೆನ್ನು ತಟ್ಟಿದ ದಿನ ಎದ್ದು ಕೂರುತ್ತೆ. ಇವರು ಮೂರು ವರ್ಷ ಕಾಣ್ಲಿಲ್ಲ ಅಂತ ಕಾವಲು ತೆಗೀತಾರಂತೆ."

"ಅಜ್ಜಿ ತೋಟದಿಂದ ಬಂತು ಅನ್ನೋದನ್ನ ನೀವು ನಂಬ್ತೀರಾ?"

"ಅದನ್ನ ನಾನು ಹೇಳಿಲ್ಲ," ಎಂದ ಮೇಸ್ತ್ರಿ. "ಸಾಹೇಬ್ರು ಹೇಳಿದ್ದು."

ದಂಡೆಯಲ್ಲಿ ಕಳೆ ಕೀಳುವ ಆರು ಹೆಂಗಸರು ಬೂಟು ಕಳಚಿ ಚಹಾ ಕುಡಿಯುತ್ತಿದ್ದರು. ಅವರ ಮುಂದಾಳು ನನಗಿಂತ ಒಂದು ಗೇಣು ಎತ್ತರ. ಎಲ್ಲರೂ ಅವಳನ್ನು ಏಣಿ ಎಂದೇ ಕರೆಯುತ್ತಿದ್ದರು.

"ಗುರುವಾರ ಹೂ ಕತ್ತರಿಸಿದ್ದು ಯಾರಮ್ಮಾ?" ಎಂದು ಕೇಳಿದರು ಅತ್ತಿಗೆ.

"ಹೂ ಇದ್ರೆ ತಾನೇ ಕತ್ತರಿಸೋಕೆ! ಅವತ್ತು ನಮ್ಮ ಕತ್ತರಿಗೆ ರಜಾ," ಎಂದಳು ಏಣಿ. "ಆ ನೀರು ಎಷ್ಟು ತಣ್ಣಗಿತ್ತು ಅಂದ್ರೆ ನನ್ನ ಹಲ್ಲು ಪಕ್ಕದವಳಿಗೆ ಕೇಳಿಸ್ತಿತ್ತು. ಪುಣ್ಯಕ್ಕೆ ಮೇಸ್ತ್ರಿ ಒಳ್ಳೇ ಮನಸ್ಸಲ್ಲಿದ್ರು. ಬೇಗ ದಡ ಹತ್ತಿಸಿದ್ರು. ಮನೆಗೆ ಹೋದಾಗ ನನ್ನ ಗಂಡ ಗಡಿಯಾರ ನಿಂತಿದೆ ಅಂದ್ಕೊಂಡು ಅದಕ್ಕೆ ಎರಡು ಕುಟ್ಟಿದ."

ಹೆಂಗಸರು ನಕ್ಕರು. ಮೇಸ್ತ್ರಿ ದೋಣಿಯ ಹಗ್ಗ ಬಿಗಿಯುತ್ತಿದ್ದ, ಆಗಲೇ ಬಿಗಿದಿದ್ದ ಹಗ್ಗವನ್ನು.

ಭಾನುವಾರ ಸಂಜೆ ನಾನೇ ನನ್ನ ತೀರ್ಮಾನ ಮಂಡಿಸಿದೆ. "ಹುಳದಕ್ಕ. ಪ್ರಮಾಣಪತ್ರ ಬಂದ್ರೆ ಅವಳ ಹುಳ ಕುದಿಯುತ್ತೆ. ಕೈಯಲ್ಲಿ ಬೀಗದ ಕೈ ಇದೆ, ತೊಟ್ಟಿ ತುಂಬ ಗಿಡ ಇದೆ. ಇನ್ನೇನು?"

"ಚೆನ್ನಾಗಿದೆ," ಎಂದರು ಅತ್ತಿಗೆ. "ಅಚ್ಚಿಗೆ ಕಳಿಸಬಹುದು. ನಿಜ ಮಾತ್ರ ಅಲ್ಲ. ನಾಳೆ ಹತ್ತು ಗಂಟೆಗೆ ಎಲ್ಲರೂ ದಕ್ಷಿಣದ ಮೂಲೆಗೆ ಬರಬೇಕು ಅಂತ ಹೇಳಿ ಬಾ. ಹೆಂಗಸರು ಬೂಟು, ಗವಸು ಸಮೇತ."

ಸೋಮವಾರ ಹತ್ತಕ್ಕೆ ಎಲ್ಲರೂ ಇದ್ದರು. ಠಸ್ಸೆ ಸಾಹೇಬರು ಕೈಗಡಿಯಾರ ನೋಡುತ್ತ, ಹುಳದಕ್ಕ ಉಗುರು ಕಚ್ಚುತ್ತ, ಮೇಸ್ತ್ರಿ ಜೊಂಡಿನ ಕಡೆ ಮುಖ ಮಾಡಿ, ಆರು ಹೆಂಗಸರು ಸಾಲಾಗಿ. ಮೇಲೆ ತೋಟದ ಗೇಟಿನ ಮುಂದೆ, ಸುಡುವವರ ಲಾರಿ ಆಗಲೇ ಬಂದು ನಿಂತಿತ್ತು. ಅಜ್ಜಿ ಲಾರಿಗೆ ಬೆನ್ನು ಹಾಕಿ ನಿಂತಿದ್ದಳು, ಅದು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ.

"ಮೊದಲು ಹೂವಿನಿಂದ ಶುರು ಮಾಡೋಣ," ಎಂದರು ಅತ್ತಿಗೆ. "ಹನ್ನೊಂದು ಗಿಡದ ಹೂ ಕತ್ತರಿಸಿದ್ದಾರೆ. ಇಲ್ಲಿ ಕಿತ್ತ ಹೆಂಗಸರು ಕತ್ತರಿಸ್ಲಿಲ್ಲ. ಚೀಲ ಖಾಲಿ, ಪುಸ್ತಕದಲ್ಲೂ ಸೊನ್ನೆ. ಅಂದ್ರೆ ಗಿಡ ಈ ನೀರಿಗೆ ಬರೋ ಮುಂಚೆನೇ ಕತ್ತರಿಸಿದ್ದು. ಅಜ್ಜಿ, ನೀವು ಗಿಡ ಸಾಗಿಸೋವಾಗ ಹೂ ಕತ್ತರಿಸ್ತೀರಾ?"

"ತಲೆ ಕೆಟ್ಟಿದೆಯಾ? ಹೂ ನೋಡಿ ತಾನೇ ಜನ ಕೊಳ್ಳೋದು!"

"ಕೇಳಿದ್ರಲ್ಲ ಸಾಹೇಬ್ರೇ. ಚರಂಡೀಲಿ ಜಾರಿ ಬಂದ ಗಿಡಕ್ಕೆ ಕತ್ತರಿ ಬೀಳಲ್ಲ. ಕದ್ದು ಸಾಕೋ ತೋಟದವಳೂ ಹೂ ಕತ್ತರಿಸಲ್ಲ. ಗಿಡ ಮುಟ್ಟೋ ಮುಂಚೆ ಹೂ ತೆಗೆಯೋ ಕೈ ಪ್ರಪಂಚದಲ್ಲಿ ಒಂದೇ ಜಾತಿಯವರದ್ದು. ಕಳೆ ಕೀಳೋರದ್ದು."

ಸಾಹೇಬರ ಬಾಯಿ ತೆರೆಯಿತು. ಅತ್ತಿಗೆ ಅದಕ್ಕೆ ಕೆಲಸ ಕೊಡಲಿಲ್ಲ.

"ಎರಡನೇದು ಎಲೆ. ಮೂವತ್ತೆರಡು ಗಿಡದ ಮೇಲೂ ಕೆರೆದ ಗಾಯ. ನನ್ನ ಮೈದುನ ಅದನ್ನ ಕುಂಟೆ ಗಾಯ ಅಂದ್ಕೊಂಡ. ಕುಂಟೆ ಉದ್ದಕ್ಕೆ ಗೀರುತ್ತೆ. ಇದು ಚುಕ್ಕೆ ಚುಕ್ಕೆಯಾಗಿ, ಅಳತೆ ಹಿಡಿದು ತಿಂದದ್ದು. ಮೂತಿಹುಳ. ಕೆರೆಯಲ್ಲಿ ಆ ಹುಳ ಸತ್ತು ಮೂರು ವರ್ಷ. ಬದುಕಿರೋದು ಕಚೇರಿಯ ತೊಟ್ಟೀಲಿ ಮಾತ್ರ. ಹುಳದಕ್ಕ, ನಿನ್ನ ಹುಳಕ್ಕೆ ರೋಗ ಬಂದಿರ್ಲಿಲ್ಲ. ಐವತ್ತೆಂಟೂ ಗಿಡದ ಜೊತೆ ಸವಾರಿ ಹೋದವು."

"ಅಯ್ಯೋ," ಎಂದಳು ಹುಳದಕ್ಕ. ಆಮೇಲೆ ಎಲ್ಲರೂ ತನ್ನತ್ತ ನೋಡುತ್ತಿರುವುದು ತಿಳಿದು ಕೆಂಪಾದಳು. "ನಾನಲ್ಲ! ನನ್ನ ಮಕ್ಕಳನ್ನ ನಾನೇ ನೀರಿಗೆ ನೂಕ್ತೀನಾ?"

"ನೀನಲ್ಲ. ನೀನಾಗಿದ್ರೆ ಹುಳ ಕಮ್ಮಿಯಾಯ್ತು ಅಂತ ನಮಗೆ ಹೇಳ್ತಿರ್ಲಿಲ್ಲ. ಆ ಲೆಕ್ಕ ನಿನಗೆ ಬಿಟ್ಟು ಯಾರಿಗೂ ಗೊತ್ತಿರ್ಲಿಲ್ಲ. ಬಾಯಿ ಮುಚ್ಕೊಂಡಿದ್ರೆ ಸಾಕಿತ್ತು. ಮತ್ತೆ ನೀನು ಹೂ ಕತ್ತರಿಸೋಳೂ ಅಲ್ಲ. ಸಾಹೇಬ್ರಿಗೆ ಕತ್ತರಿ ಯಾವ ಕಡೆ ಹಿಡೀಬೇಕು ಅಂತಾನೇ ಗೊತ್ತಿಲ್ಲ, ಗಾಜಿನ ಚೌಕಟ್ಟು ಬೇರೆ ಮಾಡಿಸಿಟ್ಟಿದ್ದಾರೆ. ಉಳಿದದ್ದು ಒಂದು ಬೀಗದ ಕೈ."

ಮೇಸ್ತ್ರಿ ಜೊಂಡಿನಿಂದ ಮುಖ ತಿರುಗಿಸಲಿಲ್ಲ.

"ಆದರೆ ಬೀಗದ ಕೈ ಯಾರು ಬೇಕಾದ್ರೂ ಕದೀಬಹುದು. ಅದಕ್ಕೇ ಮೂರನೇದು. ಪುಸ್ತಕದಲ್ಲಿ ಗುರುವಾರದ ಎರಡನೇ ಸುತ್ತಿನ ಮನೆ ಖಾಲಿ. ಅದು ಬರೆಯೋದು ಮರೆತದ್ದಲ್ಲ, ಸುತ್ತೇ ಆಗಿಲ್ಲ. ಹೆಂಗಸರು ಬೇಗ ಮನೆಗೆ ಹೋದ್ರು. ಏಣಿ, ಏಳು ವರ್ಷದಲ್ಲಿ ಎರಡನೇ ಸುತ್ತು ಬಿಟ್ಟದ್ದುಂಟಾ?"

"ಜ್ವರ ಬಂದ್ರೂ ಬಿಟ್ಟಿಲ್ಲ," ಎಂದಳು ಏಣಿ ನಿಧಾನವಾಗಿ. "ಒಂದು ಗಿಡ ಸಿಕ್ಕಿದ್ರೆ ಮತ್ತೆ ಮೊದಲಿಂದ. ಏನೂ ಸಿಗದ ಸುತ್ತು ಬರೋವರೆಗೆ. ಬೈದುಕೊಂಡೇ ಹಾಕ್ತಿದ್ವಿ."

"ಅಂಥ ಮೇಸ್ತ್ರಿ, ಮೂರು ವರ್ಷದ ಮೇಲೆ ಮೂವತ್ತೆರಡು ಸವತಿ ಸಿಕ್ಕಿದ ದಿನ, ಒಂದೇ ಸುತ್ತಿಗೆ 'ಸಾಕು, ದಡ ಹತ್ತಿ' ಅಂತಾನೆ. ಯಾಕೆ? ಇಷ್ಟೇ ಇರೋದು ಅಂತ ಗೊತ್ತಿದ್ದವನು ಮಾತ್ರ ಹಾಗೆ ಹೇಳೋಕಾಗೋದು." ಅತ್ತಿಗೆ ಹೆಂಗಸರ ಕಡೆ ತಿರುಗಿದರು. "ನನ್ನ ಲೆಕ್ಕ ತಪ್ಪಿರಬಹುದು. ಪರೀಕ್ಷೆ ಸುಲಭ. ಇಳೀರಮ್ಮಾ. ಬಾಕಿ ಇರೋ ಎರಡನೇ ಸುತ್ತು ಈಗ ಆಗ್ಲಿ. ಎದೆ ಮಟ್ಟದವರೆಗೆ ಹೋಗಿ."

ಹೆಂಗಸರು ಗವಸು ಎಳೆದುಕೊಂಡರು. ಗಾಳಿ ನೀರಿನಿಂದ ಚಳಿಯನ್ನು ಎತ್ತಿ ತರುತ್ತಿತ್ತು. ಏಣಿ ಒಂದು ಕಾಲು ಇಟ್ಟು ಹಲ್ಲು ಕಚ್ಚಿದಳು.

"ಬೇಡ," ಎಂದ ಮೇಸ್ತ್ರಿ. "ಮೇಲೆ ಹತ್ತು ತಾಯಿ. ಅಲ್ಲೇನೂ ಇಲ್ಲ."

"ನಿಮಗೆ ಹೇಗೆ ಗೊತ್ತು?" ಎಂದರು ಅತ್ತಿಗೆ.

ಅವನು ಈಗ ತಿರುಗಿದ. ಅವನ ಮುಖದಲ್ಲಿ ನಾನು ನಿರೀಕ್ಷಿಸಿದ್ದ ಭಯ ಇರಲಿಲ್ಲ.

"ನಾನೇ ಬಿಟ್ಟದ್ದು, ಅದಕ್ಕೆ. ಇಲ್ಲದ್ದನ್ನ ಹುಡುಕೋಕೆ ಇವರನ್ನ ಆ ನೀರಲ್ಲಿ ನಿಲ್ಲಿಸೋಕೆ ಅವತ್ತೂ ಮನಸ್ಸು ಬರ್ಲಿಲ್ಲ, ಇವತ್ತೂ ಬರಲ್ಲ." ಸಾಹೇಬರ ಕಡೆ ಬೆರಳು ಮಾಡಿದ. "ನಾಲ್ಕು ಪತ್ರ ಬರೆದೆ. ಬೀಜ ಮಲಗಿದೆ, ಕಾವಲು ತೆಗೀಬೇಡಿ ಅಂತ. ನಾಲ್ಕರ ಮೇಲೂ 'ಗಮನಿಸಲಾಗಿದೆ' ಅಂತ ಠಸ್ಸೆ ಬಿತ್ತು. ಗಿಡ ಕಂಡ್ರೆ ತಾನೇ ನಂಬೋದು ನೀವು? ಕಾಣಿಸಿದೆ. ಬೀಜ ಉದುರಬಾರದು ಅಂತ ಹೂ ಕತ್ತರಿಸಿ, ಎಣಿಸಿ ಬಿಟ್ಟೆ, ಎಣಿಸಿ ತೆಗೆಸಿದೆ. ಕೆರೆಗೆ ಒಂದು ಕೂದಲೂ ಕೊಂಕಿಲ್ಲ. ಇನ್ನೊಂದು ಸಲ ಅವಕಾಶ ಸಿಕ್ಕಿದ್ರೆ ಇನ್ನೊಂದು ಸಲ ಮಾಡ್ತೀನಿ."

"ಕೆರೆಗೆ ಕೊಂಕಿಲ್ಲ," ಎಂದರು ಅತ್ತಿಗೆ. ಅವರ ದನಿ ಏರಲಿಲ್ಲ. ಅದು ಏರದಾಗಲೇ ನನಗೆ ಭಯ. "ಅಜ್ಜಿಗೆ? ಈ ಮೂಲೆನೇ ಯಾಕೆ ಆರಿಸಿದ್ರಿ?"

"ಕೆಸರು ತೆರೆದಿದೆ. ಬರೋದಾದ್ರೆ ಇಲ್ಲೇ ಬರೋದು. ಚರಂಡಿ ನನ್ನ ತಲೆಗೆ ಹೊಳೀಲೇ ಇಲ್ಲ."

"ಶುಕ್ರವಾರ ಹೊಳೀತು. ನೋಟಿಸ್ ಅಂಟಿಸಿದ ಗೇಟಿನ ಮುಂದೇನೇ ನಿಮ್ಮ ಮನೆ ದಾರಿ. ಮೂರು ದಿನ ಸೈಕಲ್ ಮೇಲೆ ಓದ್ಕೊಂಡು ಹೋದ್ರಿ. ಕೆರೆನ ಯಾರೂ ನಂಬ್ತಿಲ್ಲ ಅಂತ ಸಿಟ್ಟು ಬಂದ ಮನುಷ್ಯ, ಅಜ್ಜಿನ ಯಾರೂ ನಂಬದೆ ಇದ್ದಾಗ ಪೆಡಲ್ ತುಳೀತಾ ಇದ್ದ."

ಮೊದಲ ಸಲ ಮೇಸ್ತ್ರಿಯ ಕಣ್ಣು ನೀರಿನ ಅಂಚು ಬಿಟ್ಟು ತನ್ನ ಕಾಲಿನ ಮೇಲೆ ಬಿತ್ತು.

ಆ ಹೊತ್ತಿಗೆ ಕೈ ಉಜ್ಜಿಕೊಂಡವರು ಠಸ್ಸೆ ಸಾಹೇಬರೊಬ್ಬರೇ. "ಹಾಗಾದ್ರೆ ಒಳ್ಳೇದೇ ಆಯ್ತಲ್ಲ! ಗಿಡ ನಮ್ಮ ತೊಟ್ಟಿದು. ಕೆರೆದಲ್ಲ. ಅಂದ್ರೆ ಕೆರೆ ಶುದ್ಧ, ಮೂರು ವರ್ಷದ ಲೆಕ್ಕ ಮುರಿದಿಲ್ಲ! ಅಜ್ಜಿ, ನೋಟಿಸ್ ವಾಪಸ್. ಲಾರಿ ಕಳಿಸಿಬಿಡ್ತೀನಿ. ಇವನ ವಿಷಯ ನಾನು ಒಳಗಿಂದೊಳಗೇ ನೋಡ್ಕೋತೀನಿ. ನೀವು ಆರಾಮಾಗಿ ಮನೆಗೆ ಹೋಗಿ. ಪ್ರಮಾಣಪತ್ರಕ್ಕೂ ತೊಂದರೆ ಇಲ್ಲ!"

"ನಾನು ಎಲ್ಲಿಗೂ ಹೋಗಲ್ಲ," ಎಂದಳು ಅಜ್ಜಿ.

"ಇನ್ನೇನಮ್ಮಾ ಬೇಕು?"

"ಎರಡನೇ ಸುತ್ತು." ಅಜ್ಜಿ ಕೆಸರಿಗೆ ಬಂದು ನಿಂತಳು. "ಮೂರು ದಿನ ನಿಯಮ ನಿಯಮ ಅಂತ ನನ್ನ ಪ್ರಾಣ ತಿಂದ್ರಿ. ಈಗ ಅದೇ ನಿಯಮ ನಾನು ಕೇಳ್ತೀನಿ. ಸುತ್ತು ಮುಗೀದೆ ಈ ಜಾಗ ಶುದ್ಧ ಅಂತ ಬರೆಯೋಕೆ ನೀವ್ಯಾರು? ಈ ಮಾರಿನ ತಂದವಳು ನಾನು. ಅದು ಹೋಯ್ತು ಅಂತ ಹೇಳ್ಬೇಕಾದ್ರೆ ನನ್ನ ಕಣ್ಣೆದುರಿಗೆ ಹೇಳಿ."

"ಅದಿಲ್ಲ ಅಂತ ಇವನೇ ಒಪ್ಕೊಂಡನಲ್ಲ!"

"ಅವನು ಬಿಟ್ಟದ್ದು ಇಲ್ಲ. ಅವನು ಬಿಡದೇ ಇದ್ದದ್ದು?"

ಏಣಿ ಸಾಹೇಬರ ಅಪ್ಪಣೆಗೆ ಕಾಯಲಿಲ್ಲ. ಆರು ಮಂದಿ ಕೈಗೆ ಕೈ ತಾಗುವಷ್ಟು ದೂರದಲ್ಲಿ ಸಾಲು ಹಿಡಿದು ಇಳಿದರು. ನೀರು ಮಂಡಿಗೆ, ಸೊಂಟಕ್ಕೆ, ಎದೆಗೆ ಏರಿತು. ಯಾರೂ ಹಾಸ್ಯ ಮಾಡಲಿಲ್ಲ. ಆಳದಲ್ಲಿ ಏನೂ ಸಿಗಲಿಲ್ಲ. ವಾಪಸ್ ಬರುವಾಗ ಜೊಂಡನ್ನು ಒಂದೊಂದೇ ಹಿಡಿಯಾಗಿ ಸರಿಸುತ್ತ ಬಂದರು. ಹನ್ನೊಂದು ದಾಟಿತ್ತು. ಸಾಹೇಬರು ಗಡಿಯಾರ ನೋಡುವುದನ್ನು ಬಿಟ್ಟಿದ್ದರು.

ಎಡಗಡೆಯ ಕೊನೆಯವಳು ನಿಂತಳು. ತೀರಾ ಸಣ್ಣವಳು, ಎರಡು ದಿನದಲ್ಲಿ ಅವಳ ದನಿಯನ್ನೇ ನಾನು ಕೇಳಿರಲಿಲ್ಲ.

"ಮೇಸ್ತ್ರೀ," ಎಂದು ಕೂಗಿದಳು. "ಇದು ಅದೇನಾ ನೋಡಿ."

ಅವನು ಬೂಟಿಲ್ಲದೆ ಓಡಿದ. ಅತ್ತಿಗೆ ಹಿಂದೆ, ಅವರ ಹಿಂದೆ ಕೆಸರಿನಲ್ಲಿ ಒಂದು ಚಪ್ಪಲಿಯನ್ನು ದಾನ ಮಾಡುತ್ತ ನಾನು. ಜೊಂಡಿನ ಬುಡದಲ್ಲಿ, ಬಿಸಿಲು ಬಿದ್ದ ಕಪ್ಪು ಕೆಸರಿನಲ್ಲಿ, ಬೆರಳುದ್ದದ ಒಂದು ಸಸಿ. ಉಬ್ಬಿದ ತೊಟ್ಟು ಇಲ್ಲ, ತೇಲುತ್ತಲೂ ಇಲ್ಲ. ಪಟ್ಟಿಯಂಥ ಮೂರು ಎಲೆ, ಕೆಸರಿಗೆ ಕಚ್ಚಿದ ಬೇರು. ಅತ್ತಿಗೆ ಮಂಡಿಯೂರಿ ಭೂತಗನ್ನಡಿ ಹಿಡಿದರು. ತುಂಬ ಹೊತ್ತು ನೋಡಿದರು.

"ಒಂದೂ ಗಾಯ ಇಲ್ಲ," ಎಂದರು ಕೊನೆಗೆ. "ಹುಳ ಮುಟ್ಟಿಲ್ಲ. ತೊಟ್ಟಿಯದಲ್ಲ, ಯಾರೂ ನೆಟ್ಟದ್ದಲ್ಲ. ಬೀಜದಿಂದ ಹುಟ್ಟಿದ್ದು. ಮೂರ್ನಾಲ್ಕು ವಾರದ್ದು."

ಮೇಸ್ತ್ರಿ ಆ ಸಸಿಯನ್ನು ನೋಡುತ್ತ ನಿಂತ. ನಾಲ್ಕು ಪತ್ರ ಬರೆದು ಹೇಳಿದ್ದು ನಿಜವಾಗಿ ಅವನ ಕಾಲ ಬಳಿ ಹಸಿರಾಗಿ ನಿಂತಿತ್ತು. ಗುರುವಾರವೂ ಅದು ಅಲ್ಲೇ ಇತ್ತು. ಎಂದಿನಂತೆ ಇನ್ನೊಂದು ಸುತ್ತು ಹಾಕಿಸಿದ್ದರೆ ಸಿಕ್ಕಿರುತ್ತಿತ್ತು. ಸುಳ್ಳು ಹೇಳಿದ್ದರಿಂದಲೇ ನಿಜದ ಪಕ್ಕದಲ್ಲಿ ಹಾದು ಮನೆಗೆ ಹೋಗಿದ್ದ. ಅದನ್ನು ಯಾರೂ ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

"ಒಂದೇ ಒಂದು ಸಸಿ," ಎಂದರು ಠಸ್ಸೆ ಸಾಹೇಬರು ಹಿಂದಿನಿಂದ, ಬೇಡುವ ದನಿಯಲ್ಲಿ. "ಕಿತ್ತುಬಿಟ್ರೆ ಆಗಲ್ವಾ? ಇಷ್ಟು ಜನ ತಾನೇ ನೋಡಿರೋದು?"

ಅವರಿಗೆ ಉತ್ತರ ಕೊಟ್ಟವಳು ಹುಳದಕ್ಕ. "ನಾನು ನೋಡಿದ್ದೀನಿ ಸಾರ್. ನನ್ನ ಹುಳಗಳಿಗೂ ಹೇಳ್ತೀನಿ."

ಮೇಸ್ತ್ರಿ ಅಜ್ಜಿಯ ಮುಂದೆ ಬಂದು ನಿಂತ. "ಅಜ್ಜಿ," ಎಂದ. "ನಡೆದದ್ದೆಲ್ಲಾ ನಾನೇ ಬರ್ಕೊಡ್ತೀನಿ, ಇವತ್ತೇ. ಕೆಲಸ ಹೋದ್ರೆ ಹೋಗ್ಲಿ. ನಿಮಗೆ ಮಾತ್ರ... ತಪ್ಪಾಯ್ತು. ಕ್ಷಮಿಸಿ."

"ಬರ್ಕೊಡು," ಎಂದಳು ಅಜ್ಜಿ. "ಕ್ಷಮಿಸೋ ವಿಷಯ ನಾನು ನಿಧಾನವಾಗಿ ನೋಡ್ತೀನಿ, ನನಗೇನೂ ಅವಸರ ಇಲ್ಲ. ಈಗ ಎರಡನೇ ಸುತ್ತಲ್ಲಿ ಒಂದು ಸಿಕ್ತಲ್ಲ. ನಿಯಮ ಏನು?"

"ಮೂರನೇ ಸುತ್ತು," ಎಂದ ಅವನು.

"ಮತ್ತೆ ನಿಂತಿದ್ದೀಯಲ್ಲ?"

ಅಜ್ಜಿ ಏಣಿಯ ಕೈಯಿಂದ ಗವಸು ಕಿತ್ತುಕೊಂಡು, ಉಡುಗೆಯನ್ನು ಮಂಡಿಯ ಮೇಲಕ್ಕೆ ಬಿಗಿದು ನೀರಿಗೆ ಇಳಿದೇಬಿಟ್ಟಳು. ಎಪ್ಪತ್ತರ ಮುದುಕಿ, ಚಳಿಗೆ ಒಂದು ಸಲ ಮೈಯೆಲ್ಲ ನಡುಗಿತು, ಆಮೇಲೆ ನಡುಗುವುದಕ್ಕೂ ಅವಳು ಅವಕಾಶ ಕೊಡಲಿಲ್ಲ. ಹೆಂಗಸರು ಅವಳ ಎರಡೂ ಬದಿಗೆ ಸಾಲು ಸರಿಪಡಿಸಿಕೊಂಡರು. ಅತ್ತಿಗೆ ನನ್ನ ಕಡೆ ನೋಡಿದ ನೋಟಕ್ಕೆ ನಾನು ಉಳಿದೊಂದು ಚಪ್ಪಲಿಯನ್ನೂ ಬಿಟ್ಟು ಹಿಂಬಾಲಿಸಿದೆ.

ಮೇಸ್ತ್ರಿ ಅವಳ ಬಲಕ್ಕೆ ಬಂದು ನಿಂತ. "ಮುಂದೆ ಆಳ ಇದೆ ಅಜ್ಜಿ, ಹುಷಾರು."

"ಆಳದ ವಿಷಯ ನನಗೆ ಹೇಳ್ಬೇಡ," ಎಂದಳು ಅಜ್ಜಿ ಮುಂದೆ ನಡೆಯುತ್ತ. "ನಿನ್ನ ಕಡೆಯ ಜೊಂಡು ಸರಿಸಿ ನೋಡು."